ನೆಟ್‌ವರ್ಕ್ ತಿರುವಿನ ಹಸು

ನಮ್ಮ ಬ್ಯಾಂಕು ಹೊಗೆ ಬಿಡುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಹತ್ತಿರ, ಮೊದಲನೇ ಮಹಡಿಯಲ್ಲಿರುವ ಶಾಖೆ ನಮ್ಮದು. ಒಲೆಯಿಲ್ಲ, ಚಿಮಣಿಯಿಲ್ಲ, ಬೀಡಿ ಸೇದುತ್ತಿದ್ದ ಒಬ್ಬ ಗುಮಾಸ್ತರೂ ನಿವೃತ್ತರಾಗಿದ್ದರು. ಹೊಗೆ ಎಂದರೆ ಕೆಳಗಿನ ಬೋಂಡದಂಗಡಿಯದ್ದು, ಅದನ್ನು ಕುಡಿಯುವವರು ನಾವು ಎಂದೇ ತಿಳಿದಿದ್ದೆ. ಹೀಗಿರುವಾಗ ಮುಖ್ಯ ಕಚೇರಿಯಿಂದ ಆದೇಶ ಬಂತು. ಬ್ಯಾಂಕುಗಳಿಗೂ ವಿಮಾ ಕಂಪನಿಗಳಿಗೂ ಇಂಗಾಲದ ಹೆಜ್ಜೆಗುರುತು ಇರುತ್ತದಂತೆ. ಅದನ್ನು ಅಳೆಯಬೇಕು, ತಗ್ಗಿಸಬೇಕು, ತಗ್ಗಿಸಿದ್ದನ್ನು ಫೋಟೋ ಸಮೇತ ಕಳಿಸಬೇಕು.

ಆ ಕೆಲಸವನ್ನು ನಮ್ಮ ಮ್ಯಾನೇಜರು ನನ್ನ ತಲೆಗೆ ಕಟ್ಟಿದರು. ಬಾಯಿ ಜೋರಿರುವವರಿಗೆ ಹೆಚ್ಚು ಕೆಲಸ ಕೊಟ್ಟರೆ ಬಾಯಿ ತನ್ನಷ್ಟಕ್ಕೆ ಮುಚ್ಚುತ್ತದೆ ಎಂಬ ನಂಬಿಕೆ ಅವರದು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮೇಲಿನಿಂದ ಏನು ಬಂದರೂ ಕಣ್ಣಿಗೊತ್ತಿಕೊಳ್ಳುವವರು. ಮೊದಲ ವಾರವೇ ಅರ್ಧ ಟ್ಯೂಬ್‌ಲೈಟುಗಳನ್ನು ಕೀಳಿಸಿದರು. ಆಮೇಲೆ ಗ್ರಾಹಕರು ಚಲನ್ನನ್ನು ಕಿಟಕಿಯ ಹತ್ತಿರ ಹಿಡಿದುಕೊಂಡು ಓದತೊಡಗಿದರು. ಬಾಗಿಲ ಎರಡೂ ಬದಿಗೆ ಹಸಿರು ಕಾಣಬೇಕೆಂದು ಕುಂಡ ಇಡಿಸಿದರು. ನೀರು ಹಾಕುವವರು ಯಾರು ಎಂಬ ಪ್ರಶ್ನೆ ಎದ್ದದ್ದರಿಂದ ಕುಂಡದೊಳಗೆ ಪ್ಲಾಸ್ಟಿಕ್ ಗಿಡ ಬಂತು. ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು.

ನನಗೆ ಒಂದು ಸಂಶಯವಿತ್ತು. ಕಂಪ್ಯೂಟರ್ ಮುಂದೆ ಕೂರಿಸಿ ಮಾಡಿದ ತರಬೇತಿಯಲ್ಲಿ ಅದನ್ನು ಕೇಳಿಯೇಬಿಟ್ಟೆ. ಊರಾಚೆ ಕಲ್ಲಿನ ಕ್ರಷರಿಗೆ ಸಾಲ ಕೊಟ್ಟವರು ನಾವು. ಅದರ ದೂಳು ಸುತ್ತಲ ಹೊಲಗಳ ಮೇಲೆ ಕೂತು ರಾಗಿ ಪೈರು ಬೂದಿ ಬಳಿದುಕೊಂಡ ಹಾಗೆ ನಿಂತಿರುತ್ತದೆ. ಅಲ್ಲಿನ ಡೀಸೆಲ್ಲು ನಮ್ಮ ಲೆಕ್ಕಕ್ಕೆ ಬರುತ್ತದೆಯೇ? ಪರದೆಯ ಮೇಲಿದ್ದ ತರಬೇತುದಾರರು ಮುಗುಳ್ನಕ್ಕು, ಅದು ಸಾಲಗಾರರ ಹೊಗೆ, ಸದ್ಯಕ್ಕೆ ನಿಮ್ಮ ಶಾಖೆಯ ದೀಪ, ಫ್ಯಾನು, ಕಾಗದ, ಪ್ರಯಾಣ ಇಷ್ಟನ್ನು ನೋಡಿಕೊಳ್ಳಿ ಅಂದರು. ಮ್ಯಾನೇಜರು ನನ್ನ ಮೈಕನ್ನು ತಾವೇ ಬಂದು ಬಂದ್ ಮಾಡಿದರು. ಅಂದರೆ ಸಾಲದ ಬಡ್ಡಿ ನಮ್ಮದು, ಹೊಗೆ ಮಾತ್ರ ಅವರದು. ಇಂಥ ಸುಖದ ಲೆಕ್ಕಾಚಾರ ನನ್ನ ಸಂಸಾರದಲ್ಲೂ ಇದ್ದಿದ್ದರೆ ನಾನು ಇಷ್ಟು ಸಿಡುಕಿಯಾಗುತ್ತಿರಲಿಲ್ಲ.

ನಮ್ಮ ಬ್ಯಾಂಕಿನ ಮೂಲಕ ಹಸು ಎಮ್ಮೆಗಳಿಗೆ ವಿಮೆ ಮಾಡುವ ಕಂಪನಿಯೊಂದಿತ್ತು. ಅದು ನಮಗಿಂತ ಚುರುಕು. ಹನೂರಿನಲ್ಲಿ ಅದಕ್ಕೊಂದು ಪುಟ್ಟ ಕಚೇರಿ ಇತ್ತು, ಪರಿಸರದ ಹೆಸರಿನಲ್ಲಿ ಅದನ್ನು ಮುಚ್ಚಿದರು. ಒಂದು ಕಚೇರಿ ಮುಚ್ಚಿದರೆ ಆ ಕಚೇರಿಯ ಕರೆಂಟು ಉಳಿಯಿತಲ್ಲ, ಅದನ್ನು ಅಲ್ಲಗಳೆಯುವವರು ಯಾರು? ಬಂಡಳ್ಳಿಯಿಂದ ಹನೂರಿಗೆ ಸೈಕಲ್ಲಿನಲ್ಲಿ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಿದ್ದ ರೈತರು ಈಗ ಎರಡು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು, ನಮ್ಮ ಅರೆಗತ್ತಲೆಯ ಕೌಂಟರಿನಲ್ಲಿ ನಿಂತು, ಇದೆಲ್ಲ ಮೊಬೈಲಿನಲ್ಲಿ ಮಾಡಬೇಕು ಎಂದು ನಮ್ಮಿಂದ ಹೇಳಿಸಿಕೊಂಡು, ಮತ್ತೆರಡು ಬಸ್ಸು ಹತ್ತಿ ವಾಪಸ್ಸು ಹೋಗುತ್ತಿದ್ದರು. ಆ ಬಸ್ಸಿನ ಹೊಗೆ ಬಸ್ಸಿನವರದು.

ಇದನ್ನೆಲ್ಲ ನಾನು ನಗುತ್ತಲೇ ನೋಡುತ್ತಿದ್ದೆ. ನಮ್ಮ ಚಿಕ್ಕವ್ವನ ಫೋನು ಬರುವ ತನಕ.

ನಮ್ಮ ತಾಯಿಯ ತಂಗಿ ಈ ಚಿಕ್ಕವ್ವ. ಹುಟ್ಟಿದ್ದು ಯಳಂದೂರಿನ ಮಾಂಬಳ್ಳಿಯಲ್ಲಿ, ನಾಲೆ ನೀರಿನ ಊರಿನಲ್ಲಿ. ಕೊಟ್ಟದ್ದು ಗೋಪಿನಾಥಂಗೆ, ಮಲೆ ಮಹದೇಶ್ವರ ಬೆಟ್ಟ ಇಳಿದು, ಪಾಲಾರು ದಾಟಿ, ಕಾಡೊಳಗೆ ಹೋದರೆ ಸಿಗುವ ಊರಿಗೆ. ಅಲ್ಲಿಂದ ತಮಿಳುನಾಡು ಕೂಗಳತೆ. ಗಂಡ ತೀರಿಕೊಂಡ ಮೇಲೂ ಅವಳು ಅಲ್ಲೇ ಉಳಿದಳು, ಅರ್ಧ ತಮಿಳು ಅರ್ಧ ಕನ್ನಡ ಮಾತಾಡಿಕೊಂಡು, ಒಂದು ಹಸು ಕಟ್ಟಿಕೊಂಡು. ಹಸು ಅವಳಿಗೆ ಬರೀ ಹಾಲಲ್ಲ. ಬೆಳಿಗ್ಗೆ ಎದ್ದು ಯಾರೊಡನೆಯಾದರೂ ಜಗಳವಾಡಬೇಕಲ್ಲ, ಅದರೊಡನೆ ಆಡುತ್ತಿದ್ದಳು.

ಆ ಊರಿಗೆ ವರ್ಷಕ್ಕೊಮ್ಮೆ ವಿಮಾ ಕಂಪನಿಯ ಇನ್ಸ್‌ಪೆಕ್ಟರ್ ಒಬ್ಬರು ಹಳೆಯ ಬೈಕಿನಲ್ಲಿ ಬರುತ್ತಿದ್ದರು. ಹುಣಸೆಮರದ ಕೆಳಗೆ ಊರ ದನಗಳೆಲ್ಲ ಸೇರುತ್ತಿದ್ದವು. ಕಿವಿಗೆ ಹಳದಿ ಬಿಲ್ಲೆ ಹೊಡೆಯುವುದು, ಫೋಟೋ ತೆಗೆಯುವುದು, ಸಹಿ ಹಾಕಿಸುವುದು ಎಲ್ಲ ಒಂದೇ ಬೆಳಿಗ್ಗೆ ಮುಗಿಯುತ್ತಿತ್ತು. ಆಮೇಲೆ ಚಿಕ್ಕವ್ವನ ಮನೆಯಲ್ಲಿ ಮುದ್ದೆ ಮೀನುಸಾರು ಉಂಡು ಅವರು ಹೊರಡುವರು. ಹಿಂದೊಮ್ಮೆ ಚಿಕ್ಕವ್ವನ ಹಸುವನ್ನು ಚಿರತೆ ಹಿಡಿದಾಗ ಅದೇ ಮನುಷ್ಯ ಮಳೆಯಲ್ಲಿ ನೆನೆದುಕೊಂಡು ಬಂದು, ಕಣ್ಣಾರೆ ನೋಡಿ, ಬರೆದುಕೊಂಡು ಹೋಗಿ, ಪರಿಹಾರ ಕೊಡಿಸಿದ್ದರು. ಹಾಗಾಗಿ ಚಿಕ್ಕವ್ವನಿಗೆ ವಿಮೆ ಎಂದರೆ ಕಂಪನಿಯಲ್ಲ, ಬೈಕಿನಲ್ಲಿ ಬರುವ ಒಬ್ಬ ಮನುಷ್ಯ. ಕಿವಿಯ ಬಿಲ್ಲೆಯನ್ನು ಅವಳು ಓಲೆ ಎನ್ನುತ್ತಿದ್ದಳು.

ಆ ಬೈಕನ್ನೂ ಕಂಪನಿ ನಿಲ್ಲಿಸಿತು. ವರ್ಷಕ್ಕೊಮ್ಮೆ ಅದು ಕುಡಿಯುತ್ತಿದ್ದ ಪೆಟ್ರೋಲಿನಿಂದ ಭೂಮಿ ಕಾಯುತ್ತಿದೆ ಎಂದು ಯಾರೋ ಕಂಡುಹಿಡಿದಿರಬೇಕು. ಅದರ ಬದಲು ಮೊಬೈಲಿಗೆ ಒಂದು ಆ್ಯಪ್ ಬಂತು. ಹಸುವಿನ ಒಡೆಯರೇ ಹಸುವಿನ ವಿಡಿಯೋ ಮಾಡಬೇಕು. ನಾಲ್ಕೂ ಕಡೆಯಿಂದ ತೋರಿಸಬೇಕು, ಓಲೆ ಕಾಣಬೇಕು, ಹಸು ನಡೆದು ತೋರಿಸಬೇಕು. ಮೊದಲೇ ಮಾಡಿಟ್ಟ ವಿಡಿಯೋ ನಡೆಯುವುದಿಲ್ಲ, ಮೋಸವಾಗಬಹುದಲ್ಲ! ಮಾಡುತ್ತಿದ್ದ ಹಾಗೇ ಅದು ಕಂಪನಿಗೆ ತಲುಪುತ್ತಿರಬೇಕು, ಅಂದರೆ ಹಸು ನಿಂತ ಜಾಗದಲ್ಲಿ ನೆಟ್‌ವರ್ಕ್ ಇರಬೇಕು.

ಗೋಪಿನಾಥಂನ ನಮ್ಮ ಚಿಕ್ಕವ್ವನ ಕೇರಿಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಊರು ಬಿಟ್ಟು ಪಾಲಾರಿನ ಕಡೆ ಏರು ಹತ್ತಿದರೆ ಒಂದು ತಿರುವು ಇದೆ, ಪಕ್ಕದಲ್ಲಿ ಸ್ವಲ್ಪ ಬಯಲು. ಅಲ್ಲಿ ಬರುತ್ತದೆ. ಮಗಳ ಬಾಣಂತನ ವಿಚಾರಿಸುವವರು, ಮದುವೆ ಮಾತು ಮುಗಿಸುವವರು, ಆಸ್ಪತ್ರೆಗೆ ಗಾಡಿ ಕರೆಸುವವರು ಎಲ್ಲ ಅಲ್ಲಿಗೇ ಹೋಗಿ ನಿಲ್ಲಬೇಕು. ಚಿಕ್ಕವ್ವ ನನಗೆ ಫೋನು ಮಾಡಿದ್ದೂ ಅಲ್ಲಿಂದಲೇ. ಹಸು ಗಬ್ಬವಾಗಿತ್ತು, ದಿನ ತುಂಬುತ್ತಿತ್ತು. ಕರು ಹಾಕುವ ಹೊತ್ತಿಗೆ ಸರಿಯಾಗಿ ವಿಮೆ ಮುಗಿಯುತ್ತಿತ್ತು. ಹಸು ಸಾಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ ಎಂದು ಅವಳಿಗೆ ಭಯ. ಬೈಕಿನವರು ಯಾವಾಗ ಬರುತ್ತಾರೆ, ಕೇಳಿ ಹೇಳು ಅಂದಳು.

ನಾನು ಕಂಪನಿಗೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳಿದ್ದನ್ನೆಲ್ಲ ಒತ್ತಿದ ಮೇಲೆ ಜೀವವಿರುವ ಒಬ್ಬ ಹೆಣ್ಣುಮಗಳು ಸಿಕ್ಕಳು. ತುಂಬಾ ವಿನಯ. ಹಸು ಗಬ್ಬವಾಗಿದೆ, ಊರು ಕಾಡೊಳಗಿದೆ, ಯಾರಾದರೂ ಒಮ್ಮೆ ಹೋಗಿಬರಲು ಆಗದೇ ಎಂದು ಕೇಳಿದೆ.

"ಪರಿಸರದ ಹಿತದೃಷ್ಟಿಯಿಂದ ನಮ್ಮ ಸಿಬ್ಬಂದಿಯ ಪ್ರಯಾಣವನ್ನು ನಿಲ್ಲಿಸಿದ್ದೇವೆ ಮೇಡಂ. ದಯವಿಟ್ಟು ಹಸುವನ್ನು ನೆಟ್‌ವರ್ಕ್ ಇರುವ ಕಡೆ ಕರೆದುಕೊಂಡು ಹೋಗಿ."

ಹಸುವಿಗೂ ಪ್ರಯಾಣಕ್ಕೆ ಡೀಸೆಲ್ ಬೇಕಾಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ, ಈ ಕರೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಂತ್ರ ಕೇಳತೊಡಗಿತ್ತು.

ಬೇರೆ ದಾರಿಯಿರಲಿಲ್ಲ. ಭಾನುವಾರ ನಾನೇ ಬಸ್ಸು ಹತ್ತಿ ಹೋದೆ. ಚಿಕ್ಕವ್ವನಿಗೆ ಫೋನಿನಲ್ಲಿ ಮಾತಾಡಲು ಬರುತ್ತಿತ್ತು, ವಿಡಿಯೋ ಗಿಡಿಯೋ ಬರುತ್ತಿರಲಿಲ್ಲ. ದಿನ ತುಂಬಿದ ಹಸುವನ್ನು ಆ ಏರಿನಲ್ಲಿ ಅಷ್ಟು ದೂರ ನಡೆಸುವಂತಿರಲಿಲ್ಲ. ಊರಿನಲ್ಲಿ ಗೂಡ್ಸ್ ಟೆಂಪೊ ಇಟ್ಟುಕೊಂಡಿದ್ದವನೊಬ್ಬನಿದ್ದ. ಆ ಟೆಂಪೊಗೆ ಸಾಲ ಕೊಟ್ಟದ್ದೂ ನಮ್ಮ ಶಾಖೆಯೇ. ಆ್ಯಪ್ ಬಂದ ಮೇಲೆ ಅವನಿಗೆ ಕೈತುಂಬ ಕೆಲಸ. ಒಂದು ಬೈಕು ಒಂದು ಸಲ ಬಂದು ಮುಗಿಸುತ್ತಿದ್ದುದನ್ನು ಅವನ ಟೆಂಪೊ ಹಸುವಿಗೊಂದು ಸಲದಂತೆ ಏರು ಹತ್ತಿ ಇಳಿದು ಮುಗಿಸಬೇಕಾಗಿತ್ತು. ತಿರುವಿನಲ್ಲಿ ಆ ದಿನವೂ ಯಾರದೋ ಎಮ್ಮೆ ತನ್ನ ಸರದಿಗೆ ಕಾಯುತ್ತಿತ್ತು. ಅದಕ್ಕೆ ನಡೆಯಲು ಇಷ್ಟವಿರಲಿಲ್ಲ, ಕೂತುಬಿಟ್ಟಿತ್ತು. ಅದರ ಒಡೆಯ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬಾಲ ಹಿಡಿದುಕೊಂಡು ಕಂಪನಿಗೆ ಅದರ ಆರೋಗ್ಯ ತೋರಿಸಲು ಹೆಣಗುತ್ತಿದ್ದ. ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕವ್ವನೂ ನಕ್ಕಳು.

ನಮ್ಮ ಹಸುವನ್ನು ಇಳಿಸಲು ಟೆಂಪೊದವನು ಹಲಗೆ ಒರಗಿಸಿದ. ಜಾಗ ಇಳಿಜಾರು. ಚಿಕ್ಕವ್ವ ಮುಂದೆ ನಿಂತು ಹಗ್ಗ ಹಿಡಿದು, ಬಾ ನನ್ ಕಣ್ಣು, ಬಾ ಎಂದು ಕರೆಯುತ್ತಿದ್ದಳು. ಅರ್ಧ ಹಲಗೆ ಇಳಿದಿತ್ತು, ಹಿಂಗಾಲು ಜಾರಿತು. ಅಷ್ಟು ಭಾರದ ಪ್ರಾಣಿ ಹೊಟ್ಟೆ ಅಡಿಯಾಗಿ ಬಿತ್ತು. ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸ್ವಲ್ಪ ಹೊತ್ತಿಗೆ ಅದು ತಾನೇ ಎದ್ದಿತು. ನಿಂತಿತು, ನಾಲ್ಕು ಹೆಜ್ಜೆ ನಡೆಯಿತು. ನಡೆಯುತ್ತಿದೆಯಲ್ಲ, ಬೇಗ ಮಾಡು ಮಗಾ ಎಂದು ಚಿಕ್ಕವ್ವ ಅವಸರ ಮಾಡಿದಳು. ವಿಡಿಯೋ ಮಾಡಿದೆ. ಪರದೆಯ ಮೇಲೆ ಹಸಿರು ಎಲೆಯೊಂದು ಅರಳಿ, ನೀವು ಒಂದು ಪ್ರಯಾಣವನ್ನು ತಪ್ಪಿಸಿದ್ದೀರಿ, ಧನ್ಯವಾದಗಳು ಎಂದು ಬಂತು. ನಾನು ಅದನ್ನು ಓದಿ ಮುಗಿಸುವುದರೊಳಗೆ ಹಸು ಮತ್ತೆ ಮಲಗಿತು. ಆಮೇಲೆ ಏಳಲಿಲ್ಲ.

ನೆಟ್‌ವರ್ಕ್ ಇದ್ದ ಜಾಗವಾದ್ದರಿಂದ ದನದ ಡಾಕ್ಟರು ತಕ್ಷಣ ಸಿಕ್ಕರು, ಫೋನಿನಲ್ಲಿ. ಅವರು ಬೇರೊಂದು ಊರಿನಲ್ಲಿದ್ದರು. ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಕರು ಹೊಟ್ಟೆಯಲ್ಲೇ ಹೋಗಿತ್ತು. ಸಂಜೆಗೆ ಮುಂಚೆ ಹಸುವೂ ಹೋಯಿತು. ಡಾಕ್ಟರು ಕೈ ತೊಳೆದುಕೊಂಡು, ಈ ಸ್ಥಿತಿಯಲ್ಲಿ ಇದನ್ನು ಗಾಡಿಗೆ ಹತ್ತಿಸಬಾರದಿತ್ತು ಎಂದರು. ಯಾರಿಗೆ ಹೇಳುತ್ತೀರಿ ಸ್ವಾಮಿ ಎಂದು ನಾನು ಅವರ ಮೇಲೆಯೇ ಹರಿಹಾಯ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಮನೆಯ ಹಸು ಸತ್ತರೆ ಮತ್ತೆ ಗಾಡಿಗೆ ಹಾಕುವುದಿಲ್ಲ, ಸತ್ತ ಜಾಗದಲ್ಲೇ ಮಣ್ಣು ಕೊಡಬೇಕು ಎಂಬುದು ಚಿಕ್ಕವ್ವನ ಮನೆತನದ ಕಟ್ಟಳೆ. ಊರಿನಿಂದ ಹಾರೆ ಗುದ್ದಲಿ ಬಂದವು. ಕಾಡುಪ್ರಾಣಿ ಕೆದಕದಂತೆ ಆಳವಾಗಿ ತೋಡಿ ಎಂದಷ್ಟೇ ಹೇಳಿ ಫಾರೆಸ್ಟ್ ವಾಚರ್ ಆಚೆ ಹೋಗಿ ನಿಂತ. ಉಪ್ಪು ಸುರಿದರು, ಅರಿಸಿನ ಹಾಕಿದರು. ಚಿಕ್ಕವ್ವ ಟ್ರಂಕಿನಲ್ಲಿಟ್ಟಿದ್ದ ಹೊಸ ಸೀರೆ ತರಿಸಿ ಹೊದಿಸಿದಳು, ಕರುವನ್ನು ಅದರ ಹೊಟ್ಟೆಯ ಪಕ್ಕ ಮಲಗಿಸಿದಳು. ಮಣ್ಣು ಎಳೆಯುವ ಮುಂಚೆ ಟೆಂಪೊದವನಿಂದ ಇಕ್ಕಳ ಇಸಿದುಕೊಂಡು ಕಿವಿಯ ಹಳದಿ ಬಿಲ್ಲೆ ಕತ್ತರಿಸಿ ತೆಗೆದಳು.

"ಮಣ್ಣಿಗ್ ಓಗೋಳ್ಗೆ ಇವ್ರ ಓಲೆ ಯಾಕೆ," ಅಂದಳು.

ಅವಳು ಅಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅಳುವಿಗಿಂತ ಹೆಚ್ಚಾಗಿ ಸಿಟ್ಟು.

ಹಳೆಯ ವಿಮೆ ಇನ್ನೂ ಚಾಲ್ತಿಯಲ್ಲಿತ್ತು. ಅರ್ಜಿ ಹಾಕಿದೆ. ಉತ್ತರ ಬೇಗ ಬಂತು, ಆ ವಿಷಯದಲ್ಲಿ ಕಂಪನಿಯನ್ನು ದೂರುವಂತಿಲ್ಲ. ಹಸುವನ್ನು ವಾಹನದಲ್ಲಿ ಸಾಗಿಸುವಾಗ, ಹತ್ತಿಸುವಾಗ, ಇಳಿಸುವಾಗ ಆದ ಅಪಾಯಕ್ಕೆ ವಿಮೆ ಅನ್ವಯಿಸುವುದಿಲ್ಲ. ಸಾಗಿಸಿ ಎಂದವರು ನೀವೇ ಅಲ್ಲವೇ ಎಂದು ಬರೆದೆ. ಕರೆದುಕೊಂಡು ಹೋಗಿ ಎಂದಿದ್ದೇವೆ, ವಾಹನದಲ್ಲಿ ಎಂದಿಲ್ಲ ಎಂದು ಬಂತು. ನಾನು ಮಾಂಬಳ್ಳಿಯ ಬೈಗುಳಗಳನ್ನೆಲ್ಲ ಶುದ್ಧ ಕಚೇರಿ ಭಾಷೆಗೆ ತಿರುಗಿಸಿ ಇನ್ನೊಂದು ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಚಿಕ್ಕವ್ವ ಪರಿಹಾರದ ಮಾತನ್ನು ಅಲ್ಲಿಗೇ ಬಿಟ್ಟಳು. ಬೇರೊಂದು ಮಾತು ಹಿಡಿದುಕೊಂಡಳು. ತಿರುವಿಗೆ ಹೋದಾಗಲೆಲ್ಲ ನನಗೆ ಫೋನು ಮಾಡಿ ಅದನ್ನೇ ಹೇಳುತ್ತಿದ್ದಳು.

"ದುಡ್ಡು ಬ್ಯಾಡ ಕಣವ್ವ. ಅವ್ರಲ್ಲಿ ಒಬ್ರು ಬಂದು ನೋಡ್ಕಂಡ್ ಓಗ್ಲಿ, ಅಷ್ಟೆ. ಆವತ್ತು ಚಿರ್ತೆ ಇಡ್ದಾಗ ಬಂದಿದ್ರಲ್ಲ ಅಂಗೆ."

ನೋಡಿ ಏನಾಗಬೇಕು ಎಂದು ಒಮ್ಮೆ ಕೇಳಿದೆ. ಸತ್ತ ಮನೆಗೆ ಜನ ಯಾಕೆ ಬರುತ್ತಾರೆ ಎಂದು ನನ್ನನ್ನೇ ಕೇಳಿದಳು. ಅವಳ ಪಾಲಿಗೆ ವಿಮೆ ಮಾಡಿದವರು ಎಂದರೆ ಸಂಬಂಧ ಬೆಳೆಸಿದವರು, ಮುದ್ದೆ ಉಂಡವರು. ಸಾವಿಗೆ ಬರಲಿಲ್ಲವಲ್ಲ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು. ಹೊಸ ಹಸು ಕಟ್ಟಲು ಒಪ್ಪಲಿಲ್ಲ. ಕೊಟ್ಟಿಗೆಗೆ ಸೌದೆ ತುಂಬಿಸಿದಳು. ಮಾತು ಕಡಿಮೆಯಾಯಿತು. ಯಾರಾದರೂ ಬನ್ನಿ ಎಂದು ಅವಳ ಪರವಾಗಿ ನಾನು ಬರೆದ ಪತ್ರಕ್ಕೆ ಬಂದ ಉತ್ತರ ನನಗೆ ಬಾಯಿಪಾಠವಾಗಿತ್ತು, ಪರಿಸರದ ಹಿತದೃಷ್ಟಿಯಿಂದ.

ಮಾರನೇ ವರ್ಷ ನಮ್ಮ ಶಾಖೆಗೆ ಹಸಿರು ಶಾಖೆ ಎಂಬ ಪ್ರಶಸ್ತಿ ಬಂತು. ಗಾಜಿನ ಫಲಕವನ್ನು ಥರ್ಮೋಕೋಲಿನಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಮ್ಯಾನೇಜರು ಹಸಿರು ಬಣ್ಣದ ಕೇಕು ತರಿಸಿದರು. ತಿಂದವರ ನಾಲಿಗೆಯೆಲ್ಲ ಹಸಿರಾಯಿತು. ನಾನು ತಿನ್ನಲಿಲ್ಲ. ಅದೇ ವಾರ ವಿಮಾ ಕಂಪನಿಯಿಂದ ಇನ್ನೊಂದು ಸುದ್ದಿ ಬಂತು. ಆ್ಯಪ್ ಬಳಸಿದ ದೂರದ ಗ್ರಾಹಕರ ಬಗ್ಗೆ ಅವರೊಂದು ಜಾಹೀರಾತು ಚಿತ್ರ ಮಾಡುತ್ತಿದ್ದಾರೆ. ಕಾಡಂಚಿನಿಂದ ವಿಡಿಯೋ ಕಳಿಸಿ ಕಂಪನಿಯ ಪ್ರಯಾಣ ತಪ್ಪಿಸಿದವರ ಪೈಕಿ ಒಬ್ಬ ಹೆಂಗಸನ್ನು ಕಂಪ್ಯೂಟರು ಆರಿಸಿದೆ. ಊರು ಗೋಪಿನಾಥಂ.

ಮ್ಯಾನೇಜರಿಗೆ ಹಸುವಿನ ಕತೆ ಗೊತ್ತಿತ್ತು. ಅವರ ಮುಖ ಸಣ್ಣದಾಯಿತು. ಆದರೂ ಪರಿಹಾರ ನೋಡುವ ವಿಭಾಗ ಬೇರೆ, ಪ್ರಚಾರದ ವಿಭಾಗ ಬೇರೆ, ನೀವು ದಾರಿ ತೋರಿಸಲು ಜೊತೆಗೆ ಹೋಗಿ ಎಂದರು. ಹೋಗುತ್ತೇನೆ ಎಂದೆ. ಇಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೆ ಭಯವೇ ಆಯಿತು.

ಬೆಂಗಳೂರಿನಿಂದ ಮೂರು ದೊಡ್ಡ ಕಾರುಗಳು ಬಂದವು, ಹಿಂದೆ ಜನರೇಟರ್ ಹೊತ್ತ ಒಂದು ಲಾರಿ. ಮುಂದಿನ ಕಾರಿನಲ್ಲಿ ಪ್ರಚಾರ ವಿಭಾಗದ ಮುಖ್ಯಸ್ಥೆ, ನಯವಾದ ಹೆಣ್ಣುಮಗಳು, ಖಾದಿ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಇಲ್ಲಿನ ಗಾಳಿ ಎಷ್ಟು ಶುದ್ಧ ಎಂದು ಹೇಳುತ್ತಿದ್ದಳು, ಕಿಟಕಿ ಮಾತ್ರ ಇಳಿಸಲಿಲ್ಲ. ನಾನು ಹಸುವಿನ ವಿಷಯ ಎತ್ತಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ ಅನ್ನಿಸಿತು.

ಚಿಕ್ಕವ್ವನ ಮನೆ ಮುಂದೆ ಕಾರುಗಳು ನಿಂತವು. ಡ್ರೈವರುಗಳು ಎಸಿಗೋಸ್ಕರ ಎಂಜಿನ್ ಆರಿಸದೆ ಕೂತರು. ಕಂಪನಿಯವರು ಬಂದಿದ್ದಾರೆ ಎಂದು ನಾನು ಹೇಳಿದಾಗ ಚಿಕ್ಕವ್ವ ಕೂತಲ್ಲಿಂದ ಎದ್ದಳು. ಒಳಗೆ ಹೋಗಿ ಮುಖ ತೊಳೆದು, ಬೇರೆ ಸೀರೆ ಉಟ್ಟು ಬಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ಕಳೆ ಇತ್ತು. ಎಲ್ಲರಿಗೂ ನೀರು ಕೊಟ್ಟಳು. ಮುಖ್ಯಸ್ಥೆ ಅವಳ ಕೈ ಹಿಡಿದು, ನೀವು ಭೂಮಿತಾಯಿಗೆ ದೊಡ್ಡ ಉಪಕಾರ ಮಾಡಿದ್ದೀರಿ, ಹಸುವಿನ ಜೊತೆ ನಿಂತು ಎರಡು ಮಾತು ಹೇಳಿಬಿಡಿ ಎಂದು ಕೇಳಿದಳು. ಹಸು ಎಲ್ಲಿದೆ ಎಂದು ಸುತ್ತ ನೋಡಿದಳು. ಕೊಟ್ಟಿಗೆಯಲ್ಲಿ ಸೌದೆ ಇತ್ತು.

"ಮ್ಯಾಲ್ಗಡೆ ಅದೆ, ಬನ್ನಿ ತೋರ್ತೀನಿ," ಅಂದಳು ಚಿಕ್ಕವ್ವ, ಆಮೇಲೆ ಮುಖ್ಯಸ್ಥೆಯ ಕಾರನ್ನೇ ಹತ್ತಿ ಕೂತಳು.

ಎಲ್ಲರೂ ಏರು ಹತ್ತಿದೆವು. ಕಾರುಗಳು ತಿರುವಿಗೆ ಬಂದದ್ದೇ ತಡ, ಊರಿಗೆ ಇಳಿದ ಮೇಲೆ ಸುಮ್ಮನಾಗಿದ್ದ ಫೋನುಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎಂದವು. ಪ್ರಚಾರದವರ ಮುಖ ಅರಳಿತು, ಒಬ್ಬೊಬ್ಬರೂ ಫೋನು ತೆಗೆದು ನೋಡಿಕೊಂಡರು. ಚಿಕ್ಕವ್ವ ಇಳಿದು ಬಯಲಿನ ಅಂಚಿಗೆ ಹೋದಳು. ಅಲ್ಲಿ ದಿಬ್ಬವಿತ್ತು, ತಲೆಯ ಕಡೆ ಒಂದು ಕಲ್ಲು, ಕಲ್ಲಿನ ಮೇಲೆ ಬಾಡಿದ ಕಣಗಿಲೆ. ಫೋನು ಮಾಡಲು ಬಂದವರು ಯಾರೋ ಇಟ್ಟಿರಬೇಕು. ಸೆರಗಿನ ಗಂಟು ಬಿಚ್ಚಿ ಹಳದಿ ಬಿಲ್ಲೆ ತೆಗೆದು ಮುಖ್ಯಸ್ಥೆಯ ಅಂಗೈಯಲ್ಲಿಟ್ಟಳು.

"ನಿಮ್ ನೆಟ್‌ವರ್ಕ್ ಇರೋ ತಾವೇ ಮನಗವ್ಳೆ, ನೋಡಿ ತಾಯಿ. ಇಳಿಸ್ವಾಗ ಬಿದ್ಲು. ವಿಡಿಯೋ ಮಾಡ್ಕಳಿ. ನಡೆದ್ ತೋರ್ಸಕ್ಕೆ ಮಾತ್ರ ಆಗಾಕಿಲ್ಲ."

ಮುಖ್ಯಸ್ಥೆ ಬಿಲ್ಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಲಿಲ್ಲ. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಹಿಂದೆ ಮೂರು ಕಾರು, ಒಂದು ಲಾರಿ ಗುರ್ ಎನ್ನುತ್ತಲೇ ಇದ್ದವು. ಚಿಕ್ಕವ್ವ ಅವುಗಳ ಕಡೆ ತಿರುಗಿ, ಮಲಗಿದವರ ಮುಂದೆ ಇಷ್ಟು ಗದ್ದಲ ಬೇಡ, ಅವನ್ನು ಆರಿಸಿ ಎಂದಳು.

ಆರಿಸಿದರು. ಅಷ್ಟೆಲ್ಲ ಹಸಿರು ಅಭಿಯಾನದಲ್ಲಿ ಆ ಕಂಪನಿ ಉಳಿಸಿದ ಹೊಗೆ, ನಾನು ಕಣ್ಣಾರೆ ಕಂಡದ್ದು, ಅದೊಂದೇ.